ಕಾಣಲಿಲ್ಲ ಎಂದಮಾತ್ರಕ್ಕೆ

1960ರ ದಶಕದ ಆರಂಭದಲ್ಲಿ ಕೋಲಾರ ಚಿನ್ನದ ಗಣಿಯೊಳಗೆ, ನೆಲಮಟ್ಟದಿಂದ ಸುಮಾರು 2,760 ಮೀಟರ್ ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಣಗಳನ್ನು ಎಣಿಸುವ ಉಪಕರಣವೊಂದನ್ನು ಇಟ್ಟು ಕಾದರು. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯುಯಾನ್ ಎಂಬ ಕಣಗಳು ಹುಟ್ಟುತ್ತವೆ. ನೆಲದ ಮೇಲೆ ಅಂಗೈಯಗಲದ ಜಾಗದ ಮೂಲಕ ನಿಮಿಷಕ್ಕೆ ಹೆಚ್ಚುಕಡಿಮೆ ನೂರು ಮ್ಯುಯಾನ್‌ಗಳು ಹಾದುಹೋಗುತ್ತವೆ. ಅವು ಬಂಡೆಯನ್ನು ತೂರಿಕೊಂಡು ಎಷ್ಟು ಆಳದವರೆಗೆ ಇಳಿಯುತ್ತವೆ ಎಂಬುದು ಅಂದಿನ ಪ್ರಶ್ನೆ. ಗಣಿಯ ಒಂದೊಂದು ಮಟ್ಟ ಇಳಿದಂತೆಲ್ಲ ಎಣಿಕೆ ಕುಗ್ಗುತ್ತ ಬಂದು, ಈ ತಳಮಟ್ಟದಲ್ಲಿ ನಿಂತೇ ಹೋಯಿತು. ಸುಮಾರು ಎರಡು ತಿಂಗಳು ಕಾದರೂ ಒಂದು ಕಣವೂ ದಾಖಲಾಗಲಿಲ್ಲ. ಹೀಗೆ ಕೈಗೆ ಬಂದ ಸೊನ್ನೆ ಏನನ್ನು ಹೇಳುತ್ತದೆ? ಅಲ್ಲಿ ಮ್ಯುಯಾನ್‌ಗಳೇ ಇಲ್ಲವೆಂದೇ, ಅಥವಾ ಕಾಣಲಿಲ್ಲವೆಂದಷ್ಟೇ? ಭೌತವಿಜ್ಞಾನದ ಪ್ರಶ್ನೆಯಂತೆ ತೋರುವ ಇದು ನಮ್ಮ ನೆಲದ ಶಾಸ್ತ್ರಕಾರರು ಶತಮಾನಗಟ್ಟಲೆ ಜಗಳವಾಡಿದ ಪ್ರಶ್ನೆಯೂ ಹೌದು. ಕೆಜಿಎಫ್ ಮತ್ತು ಬಂಗಾರಪೇಟೆಯ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಹದಿನೇಳರ ಹುಡುಗ ಹುಡುಗಿಯರು ಪ್ರತಿ ವರ್ಷ ಇದೇ ಪ್ರಶ್ನೆಯನ್ನು ಮುಟ್ಟಿ, ಗಮನಿಸದೆ ದಾಟಿಹೋಗುತ್ತಾರೆ.

ಮೊದಲು ಲೆಕ್ಕವನ್ನೇ ನೋಡೋಣ. ಅಪರೂಪಕ್ಕೆ, ಒಂದಕ್ಕೊಂದು ಸಂಬಂಧವಿಲ್ಲದೆ ಬರುವ ಕಣಗಳ ವಿಷಯದಲ್ಲಿ ಸಂಭವನೀಯತೆಯ ಗಣಿತ ಒಂದು ಸರಳ ಸಂಗತಿಯನ್ನು ಹೇಳುತ್ತದೆ: ಎರಡು ತಿಂಗಳಿಗೆ ಸರಾಸರಿ 3 ಕಣಗಳು ಬರುವ ಜಾಗದಲ್ಲೂ ನೂರರಲ್ಲಿ ಐದು ಸಲ ಎರಡು ತಿಂಗಳು ಪೂರ್ತಿ ಖಾಲಿ ಹೋಗಬಹುದು. ಆದ್ದರಿಂದ ಎರಡು ತಿಂಗಳ ಸೊನ್ನೆಯಿಂದ ನಾವು ನ್ಯಾಯವಾಗಿ ಹೇಳಬಹುದಾದದ್ದು ಇಷ್ಟು: ಈ ಉಪಕರಣದಷ್ಟು ಅಗಲದ ಜಾಗಕ್ಕೆ ಬರುವ ಕಣಗಳ ಸರಾಸರಿ ಎರಡು ತಿಂಗಳಿಗೆ 3ಕ್ಕಿಂತ ಕಡಿಮೆ, ಈ ಮಾತಿನ ಮೇಲೆ ನೂರಕ್ಕೆ ತೊಂಬತ್ತೈದರಷ್ಟು ಭರವಸೆ ಇಡಬಹುದು. ಹತ್ತುಪಟ್ಟು ದೊಡ್ಡ ಉಪಕರಣವನ್ನು ಹತ್ತುಪಟ್ಟು ಹೆಚ್ಚು ಕಾಲ ಇಟ್ಟು ಮತ್ತೆ ಸೊನ್ನೆಯೇ ಬಂದರೆ ಮಿತಿ ನೂರುಪಟ್ಟು ಕೆಳಗಿಳಿಯುತ್ತದೆ. ಎಷ್ಟೇ ಇಳಿದರೂ ಅದು ಮಿತಿಯೇ, ಶುದ್ಧ ಶೂನ್ಯವಲ್ಲ. ಅಳತೆಯ ಅನಿಶ್ಚಿತತೆ ಎಂದರೆ ಉತ್ತರದ ಪಕ್ಕದಲ್ಲಿ ಬರೆಯುವ ಹೆಚ್ಚುಕಡಿಮೆಯ ಗುರುತು ಎಂದು ಮಕ್ಕಳು ಕಲಿಯುತ್ತಾರೆ. ತಂತಿಯ ದಪ್ಪ ಇಷ್ಟು, ಅತ್ತಿತ್ತ ಒಂದು ಲೀಸ್ಟ್ ಕೌಂಟ್, ಅಲ್ಲಿಗೆ ಮುಗಿಯಿತು. ಆದರೆ ಅನಿಶ್ಚಿತತೆಯ ನಿಜವಾದ ಕಸುಬು ತಿಳಿಯುವುದು ಅಂಕಿ ಸಿಕ್ಕಾಗ ಅಲ್ಲ, ಸಿಗದೆ ಹೋದಾಗ. ಇರುವಿಕೆಯ ಅಳತೆಗೆ ಅಗಲ ಇರಬೇಕೆಂದು ಒಪ್ಪುವ ನಾವು ಇಲ್ಲದಿರುವಿಕೆಗೆ ಅಗಲವೇ ಬೇಡವೆಂದು ನಡೆದುಕೊಳ್ಳುತ್ತೇವೆ. ಈ ರೂಢಿ ತಪ್ಪು, ಮತ್ತು ತಪ್ಪಿನ ಬೇರು ಬರಿಯ ತಾಂತ್ರಿಕವಲ್ಲ, ಜ್ಞಾನದ ಬಗ್ಗೆ ನಾವು ಇಟ್ಟುಕೊಂಡ ಕಲ್ಪನೆಯಲ್ಲಿದೆ ಎಂಬುದು ನನ್ನ ವಾದ.

ಪಿಯುಸಿ ರಸಾಯನಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಸಾಲ್ಟ್ ಅನಾಲಿಸಿಸ್ ಮಾಡುವ ವಿದ್ಯಾರ್ಥಿ ಒಂದು ಪುಟದಲ್ಲಿ ಎಷ್ಟು ಸಲ ‘ಅಬ್ಸೆಂಟ್’ ಎಂದು ಬರೆಯುತ್ತಾನೆ, ನೋಡಿ. ಸಾರರಿಕ್ತ ಆಮ್ಲ ಹಾಕಿದ, ಗುಳ್ಳೆ ಏಳಲಿಲ್ಲ, ಕಾರ್ಬೊನೇಟ್ ಅಬ್ಸೆಂಟ್. ಸಿಲ್ವರ್ ನೈಟ್ರೇಟ್ ಹಾಕಿದ, ಬಿಳಿ ಒತ್ತರ ಬರಲಿಲ್ಲ, ಕ್ಲೋರೈಡ್ ಅಬ್ಸೆಂಟ್. ಎರಡು ವಾಕ್ಯಗಳ ನಡುವೆ ಇರಬೇಕಾದ ಮೂರನೆಯ ವಾಕ್ಯ ಎಲ್ಲಿಯೂ ಇಲ್ಲ: ಕ್ಲೋರೈಡ್ ಎಷ್ಟಿದ್ದಿದ್ದರೆ ನನ್ನ ಕಣ್ಣಿಗೆ ಒತ್ತರ ಕಾಣುತ್ತಿತ್ತು? ಭೌತಶಾಸ್ತ್ರದ ಮೇಜಿನ ಮೇಲೂ ಇದೇ ಕಥೆ. ಮಿಲಿಮೀಟರ್ ಗೆರೆಗಳಿರುವ ಸಾಧಾರಣ ಸ್ಕೇಲಿನಿಂದ ಒಂದು ಹಾಳೆಯ ದಪ್ಪ ಅಳೆದರೆ ಸೊನ್ನೆ ಬರುತ್ತದೆ. ಹಾಳೆಗೆ ದಪ್ಪವಿಲ್ಲವೆಂದು ಯಾವ ಹುಡುಗಿಯೂ ಬರೆಯುವುದಿಲ್ಲ, ಏಕೆಂದರೆ ಹಾಳೆ ಕೈಯಲ್ಲಿದೆ. ಅದೇ ಹುಡುಗಿ, ಕಾಯಿಸುವ ಮೊದಲು ಮತ್ತು ಕಾಯಿಸಿದ ಮೇಲೆ ಲೋಹದ ಸರಳನ್ನು ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಅಳೆದು ಎರಡೂ ಸಲ ಒಂದೇ ಅಂಕಿ ಬಂದರೆ ‘ಬದಲಾವಣೆ ಇಲ್ಲ’ ಎಂದು ನಿಶ್ಚಿಂತೆಯಿಂದ ಬರೆಯುತ್ತಾಳೆ. ಬದಲಾವಣೆ 0.1 ಮಿಲಿಮೀಟರಿಗಿಂತ ಕಡಿಮೆ ಎಂದು ಬರೆಯಬೇಕಿತ್ತು. ಮೊದಲ ವಾಕ್ಯ ಲೋಕದ ಬಗ್ಗೆ ಸುಳ್ಳು ಹೇಳುತ್ತದೆ. ಎರಡನೆಯದು ಲೋಕದ ಬಗ್ಗೆಯೂ ಕೈಯಲ್ಲಿರುವ ಉಪಕರಣದ ಬಗ್ಗೆಯೂ ನಿಜ ಹೇಳುತ್ತದೆ.

ಇಲ್ಲದ್ದನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳಷ್ಟು ಹಟದಿಂದ ಕೆದಕಿದ ಪರಂಪರೆಗಳು ಹೆಚ್ಚಿಲ್ಲ. ಕುಮಾರಿಲ ಭಟ್ಟನ ಮೀಮಾಂಸಕರು, ಅವರ ದಾರಿ ಹಿಡಿದ ಅದ್ವೈತಿಗಳು, ಪ್ರತ್ಯಕ್ಷ ಅನುಮಾನಗಳ ಸಾಲಿನಲ್ಲಿ ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನು ಒಪ್ಪಿದರು. ನೆಲದ ಮೇಲೆ ಮಡಕೆ ಇಲ್ಲ ಎಂಬ ತಿಳಿವಳಿಕೆ ನಮಗೆ ಕಣ್ಣಿನಿಂದ ಬಂದದ್ದಲ್ಲ, ಏಕೆಂದರೆ ಇಲ್ಲದ ವಸ್ತುವಿನ ಜೊತೆ ಕಣ್ಣಿಗೆ ಸಂಬಂಧವೇ ಆಗದು. ಕಾಣದಿರುವಿಕೆಯೇ ಇಲ್ಲಿ ಪ್ರಮಾಣ ಎಂಬುದು ಅವರ ನಿಲುವು. ಪ್ರಭಾಕರನ ಮತದವರು ಇದನ್ನು ಒಪ್ಪಲಿಲ್ಲ. ನೈಯಾಯಿಕರು ಅಭಾವವೂ ಪ್ರತ್ಯಕ್ಷಕ್ಕೇ ಸಿಗುತ್ತದೆ ಎಂದರು. ಬೌದ್ಧ ಧರ್ಮಕೀರ್ತಿ ಅದನ್ನು ಅನುಮಾನದೊಳಗೆ ಸೇರಿಸಿದ. ಯಾವ ಪ್ರಮಾಣದ ಹೆಸರಿನಡಿ ಇಡಬೇಕೆಂಬ ಈ ವ್ಯಾಜ್ಯ ಇಂದು ನಮ್ಮನ್ನು ಅಷ್ಟಾಗಿ ಕಾಡಬೇಕಿಲ್ಲ. ನನಗೆ ಮುಖ್ಯವಾಗಿ ತೋರುವುದು ಒಬ್ಬರ ಮುಖ ಒಬ್ಬರು ನೋಡದ ಈ ಪಕ್ಷಗಳು ಒಂದು ಷರತ್ತಿನ ವಿಷಯದಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ನಿಂತದ್ದು. ಆ ಷರತ್ತು ಯೋಗ್ಯತೆ. ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಹ ಸನ್ನಿವೇಶ ಇರಬೇಕು. ಆಗ ಮಾತ್ರ ಕಾಣದಿರುವಿಕೆಯಿಂದ ಇಲ್ಲದಿರುವಿಕೆಗೆ ಹೋಗಬಹುದು. ಬೆಳಕಿರುವ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನನ್ನೂ ಹೇಳಿದಂತಾಗಲಿಲ್ಲ. ಧರ್ಮರಾಜ ಅಧ್ವರೀಂದ್ರನ ‘ವೇದಾಂತಪರಿಭಾಷೆ’ ಇದಕ್ಕೆ ಇನ್ನೂ ಸೂಕ್ಷ್ಮವಾದ ಉದಾಹರಣೆ ಕೊಡುತ್ತದೆ: ಪುಣ್ಯಪಾಪಗಳು ಇಂದ್ರಿಯಕ್ಕೆ ಸಿಗತಕ್ಕವಲ್ಲ, ಹಾಗಾಗಿ ಅವು ನಮ್ಮಲ್ಲಿ ಕಾಣುತ್ತಿಲ್ಲ ಎಂಬುದರಿಂದ ಅವು ಇಲ್ಲವೆಂದು ಸಿದ್ಧವಾಗದು. ಧರ್ಮಕೀರ್ತಿಯೂ ಕಾಣಬಲ್ಲ ವಸ್ತುವಿನ ಅನುಪಲಬ್ಧಿಯನ್ನು ಬೇರೆ, ಕಾಣಲಾರದ ವಸ್ತುವಿನ ಅನುಪಲಬ್ಧಿಯನ್ನು ಬೇರೆ ಮಾಡಿ, ಎರಡನೆಯದರಿಂದ ಹುಟ್ಟುವುದು ಸಂಶಯ ಮಾತ್ರ ಎಂದ.

ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ಯ ಮೂರನೆಯ ಸ್ತಬಕದಲ್ಲಿ ಈ ಷರತ್ತನ್ನು ದೇವರ ಪ್ರಶ್ನೆಗೇ ತಂದು ನಿಲ್ಲಿಸಿದ. ಈಶ್ವರ ಕಾಣುತ್ತಿಲ್ಲ, ಆದ್ದರಿಂದ ಇಲ್ಲ ಎನ್ನುವ ಚಾರ್ವಾಕನಿಗೆ ಅವನ ಉತ್ತರದಲ್ಲಿ ತುಂಟತನವೂ ಇದೆ: ಕಾಣದ್ದೆಲ್ಲ ಇಲ್ಲವೆಂದಾದರೆ, ಚಾರ್ವಾಕ ಮನೆಯಿಂದ ಹೊರಬಿದ್ದ ಕ್ಷಣವೇ ಅವನ ಹೆಂಡತಿ ಮಕ್ಕಳು ಇಲ್ಲವಾಗಬೇಕು, ಅವನು ಬೀದಿಯಲ್ಲೇ ಎದೆ ಬಡಿದುಕೊಂಡು ಅಳಬೇಕು. ಇದು ಆಸ್ತಿಕನೊಬ್ಬನ ಚಮತ್ಕಾರದ ಮಾತೆಂದು ತಳ್ಳಿಹಾಕುವಂತಿಲ್ಲ. ಇದರೊಳಗಿನ ತರ್ಕ ಗಟ್ಟಿಯಾಗಿದೆ. ಕಾಣುವ ಯೋಗ್ಯತೆಯನ್ನು ಮೊದಲು ತೋರಿಸದೆ ‘ಇಲ್ಲ’ ಎನ್ನುವವನು ಕತ್ತಲ ಕೋಣೆಯಲ್ಲಿ ಮಡಕೆ ಹುಡುಕಿದವನೇ. ಪ್ರಯೋಗಶಾಲೆಯ ಭಾಷೆಗೆ ತಂದರೆ, ನಿನ್ನ ವಿಧಾನ ಎಷ್ಟರವರೆಗೆ ಕಾಣಬಲ್ಲದು ಎಂದು ಮೊದಲು ಹೇಳು, ಆಮೇಲೆ ಇಲ್ಲವೆನ್ನು.

ಇಲ್ಲಿಯೇ ಒಂದು ಆಕ್ಷೇಪ ಏಳುತ್ತದೆ. ಹಳೆಯ ಶಾಸ್ತ್ರದ ಪಾರಿಭಾಷಿಕ ಪದವೊಂದನ್ನು ಹೆಕ್ಕಿ ಹೊಸ ವಿಜ್ಞಾನಕ್ಕೆ ಅಂಟಿಸುವುದು ನಮ್ಮಲ್ಲಿ ಹಬ್ಬಿರುವ ಚಾಳಿ, ನೀವೂ ಅದನ್ನೇ ಮಾಡುತ್ತಿಲ್ಲವೇ? ಚಾಳಿ ಇರುವುದು ನಿಜ, ಅದರ ಬಗ್ಗೆ ನನಗೂ ಬೇಸರವಿದೆ. ಅನಿಶ್ಚಿತತೆಯ ಮಾತು ಬಂದರೆ ಸಾಕು, ಬಹಳ ಮಂದಿ ‘ಒಂದು ದೃಷ್ಟಿಯಲ್ಲಿ ಹೀಗಿರಬಹುದು’ ಎನ್ನುವ ಜೈನರ ಸ್ಯಾದ್ವಾದದ ಕಡೆ ಕೈಚಾಚುತ್ತಾರೆ, ಪಿ.ಸಿ. ಮಹಲನೋಬಿಸ್ ಅಂಥ ಸಂಖ್ಯಾಶಾಸ್ತ್ರಜ್ಞರೇ 1950ರ ದಶಕದಲ್ಲಿ ಹಾಗೆ ಮಾಡಿದರು. ಸ್ಯಾದ್ವಾದ ಉದಾರವಾದ ದರ್ಶನ, ಆದರೆ ಎಷ್ಟರಮಟ್ಟಿಗೆ ಎಂಬ ಪ್ರಶ್ನೆಗೆ ಅದು ಉತ್ತರ ಹುಡುಕುವುದಿಲ್ಲ, ಮತ್ತು ಅಳತೆಯಲ್ಲಿ ಉಳಿದದ್ದೆಲ್ಲಕ್ಕಿಂತ ಮುಖ್ಯವಾದದ್ದು ಅದೇ ಪ್ರಶ್ನೆ. ಕುಮಾರಿಲನಿಗೆ ಪ್ರೋಟಾನ್ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಯೋಗ್ಯತೆಯನ್ನು ಅಂಕಿಯಲ್ಲಿ ಹೇಳುವ ಕಲೆ ಆ ಶಾಸ್ತ್ರಕಾರರಿಗೆ ದಕ್ಕಿರಲಿಲ್ಲ. ಅವರ ಪಾಲಿಗೆ ಅದು ಉಂಟು ಅಥವಾ ಇಲ್ಲ ಎನ್ನುವಂಥದ್ದು. ನಡುವಿನ ಮಬ್ಬುಬೆಳಕಿಗೆ ಅವರಲ್ಲಿ ಲೆಕ್ಕವಿಲ್ಲ. ಆ ಲೆಕ್ಕ ಬಂದದ್ದು ಸಂಭವನೀಯತೆಯ ಗಣಿತದಿಂದ. ಆದರೆ ಲೆಕ್ಕ ಹಾಕಬೇಕಾದ ಜಾಗ ಯಾವುದೆಂದು ಅವರು ಸರಿಯಾಗಿಯೇ ಬೆರಳಿಟ್ಟು ತೋರಿಸಿದ್ದರು. ವಿದ್ಯಾರ್ಥಿಗೆ ಗಣಿತ ಕಲಿಸುವ ಮೊದಲು ಆ ಜಾಗವನ್ನು ತೋರಿಸಬೇಕು.

ಕೆಜಿಎಫ್‌ನ ಸೊನ್ನೆಗೆ ಮುಂದೇನಾಯಿತು ಎಂಬುದನ್ನು ಈ ಬೆಳಕಿನಲ್ಲಿ ನೋಡಬೇಕು. ಹೋಮಿ ಭಾಭಾ ಅವರ ಸೂಚನೆಯಂತೆ ಈ ಗಣಿಯಲ್ಲಿ ವಿಶ್ವಕಿರಣಗಳ ಅಧ್ಯಯನ ಶುರುಮಾಡಿದವರು ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. ಅವರೂ ಎಂ.ಜಿ.ಕೆ. ಮೆನನ್, ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿ ಮೊದಲಾದವರೂ ಎರಡು ತಿಂಗಳ ಖಾಲಿತನವನ್ನು ಸೋಲೆಂದು ತಿಳಿಯಲಿಲ್ಲ. ಮೇಲಿನಿಂದ ಮ್ಯುಯಾನ್ ಬಾರದ ಆಳವೆಂದರೆ ಬೇರೆ ಏನಾದರೂ ಬಂದರೆ ಎದ್ದು ಕಾಣುವ ಆಳ. ಯಾವ ಬಂಡೆಯೂ ತಡೆಯಲಾರದ ನ್ಯೂಟ್ರಿನೊ ಎಲ್ಲೋ ಒಂದು ಸುತ್ತಲಿನ ಬಂಡೆಗೆ ಡಿಕ್ಕಿ ಹೊಡೆದು ಅಲ್ಲೇ ಒಂದು ಮ್ಯುಯಾನ್ ಹುಟ್ಟಿಸಿದರೆ, ಅದು ಅಡ್ಡಡ್ಡವಾಗಿಯೂ ಬರಬಹುದು. ಆಕಾಶದಿಂದ ಇಳಿದು ಬಂದ ಮ್ಯುಯಾನ್ ಅಷ್ಟು ಆಳದಲ್ಲಿ ಹಾಗೆ ಬರಲಾರದು. ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಮ್ ಮೂರೂ ಕಡೆಯ ತಂಡ ಸೇರಿ 1965ರಲ್ಲಿ ಅಂಥ ಕಣಗಳನ್ನು ಹಿಡಿಯಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಮೊದಲ ದಾಖಲೆ ಅದು. ಅದೇ ಸುಮಾರಿಗೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಅದನ್ನು ಸಾಧಿಸಿತು. ಕೆಳಗಿನ ಸೊನ್ನೆಯನ್ನು ಅಳತೆಯೆಂದು ಓದಿದ್ದರಿಂದ ಈ ಶೋಧ ಸಾಧ್ಯವಾಯಿತು. ‘ಏನೂ ಇಲ್ಲ, ಗಂಟುಮೂಟೆ ಕಟ್ಟಿ’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಗಣಿಯ ಚರಿತ್ರೆಯೇ ಈ ಪಾಠವನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. 1880ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಹಣ ಹೂಡಿದ ಕಂಪನಿಗಳು ಕೈಸುಟ್ಟುಕೊಂಡವು, ಮೈಸೂರು ಮೈನ್ ಕಂಪನಿಯ ಬೊಕ್ಕಸವೂ ಬರಿದಾಗುತ್ತ ಬಂದಿತ್ತು. ಹಳೆಯ ಕಾಲದ ಗಣಿಗಾರರು ತೋಡಿಬಿಟ್ಟ ಗುಂಡಿಗಳ ತಳಕ್ಕಿಂತ ಕೆಳಕ್ಕೆ ಆ ಕಂಪನಿಯ ಕ್ಯಾಪ್ಟನ್ ಪ್ಲಮ್ಮರ್ ಅಗೆಸಿದಾಗ ಚಾಂಪಿಯನ್ ಲೋಡ್ ಎಂಬ ಚಿನ್ನದ ಎಳೆ ಸಿಕ್ಕಿತು. ಅದಕ್ಕೆ ಮುಂಚಿನ ವರದಿಗಳಲ್ಲಿದ್ದ ‘ಚಿನ್ನವಿಲ್ಲ’ ಎಂಬುದರ ನಿಜವಾದ ಅರ್ಥ, ಇಷ್ಟು ಅಡಿಯವರೆಗೆ ಚಿನ್ನವಿಲ್ಲ ಎಂದು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನ ಕಿಟಕಿಯಲ್ಲಿ ಕಾಣುವ ಸಯನೈಡ್ ದಿಬ್ಬಗಳೂ ಇದಕ್ಕೆ ಸಾಕ್ಷಿ. ಅಂದಿನ ವಿಧಾನಕ್ಕೆ ಲಾಭದಲ್ಲಿ ಸಿಗಲಾರದಷ್ಟು ಚಿನ್ನ ಉಳಿಸಿಕೊಂಡ ಮೂರು ಕೋಟಿ ಟನ್ನಿಗೂ ಮಿಗಿಲಾದ ಪುಡಿ ಅದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೂ ಅದನ್ನು ಮತ್ತೆ ಸಂಸ್ಕರಿಸುವ ಮಾತು ನಿಂತಿಲ್ಲ.

ಆದರೆ ಯೋಗ್ಯತೆಯ ಪ್ರಶ್ನೆ ತನ್ನ ಪೂರ್ಣರೂಪದಲ್ಲಿ ಎದ್ದು ನಿಂತದ್ದು 1980ರ ನಂತರ, ಪ್ರೋಟಾನ್ ಸಾಯುತ್ತದೆಯೇ ಎಂದು ಇದೇ ಗಣಿಯಲ್ಲಿ ಹುಡುಕಿದಾಗ. ಪ್ರೋಟಾನ್ ಶಾಶ್ವತವಲ್ಲ, ಊಹಿಸಲಾಗದಷ್ಟು ದೀರ್ಘಕಾಲದ ನಂತರ ಒಡೆಯುತ್ತದೆ ಎಂದು 1974ರ ಜಾರ್ಜೈ-ಗ್ಲಾಶೋ ಸಿದ್ಧಾಂತ ಸೂಚಿಸಿತ್ತು. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಪ್ರೋಟಾನಿನ ಆಯುಸ್ಸು 1ರ ಮುಂದೆ 31 ಸೊನ್ನೆ ಬರೆದಷ್ಟು ವರ್ಷ ಇರಬಹುದೆಂಬ ಅಂದಾಜು. ಒಂದು ಪ್ರೋಟಾನನ್ನು ಅಷ್ಟು ವರ್ಷ ಕಾಯುವಂತಿಲ್ಲ, ಅಷ್ಟು ಪ್ರೋಟಾನುಗಳನ್ನು ಒಂದು ವರ್ಷ ಕಾಯಬಹುದು. ಸ್ಕೇಲಿಗೆ ಸಿಗದ ಹಾಳೆಯ ದಪ್ಪವನ್ನು ನೂರು ಹಾಳೆ ಒಟ್ಟಿ ಹತ್ತು ಮಿಲಿಮೀಟರ್ ಎಂದು ಅಳೆದು ನೂರರಿಂದ ಭಾಗಿಸುವ ಶಾಲಾ ಮಕ್ಕಳ ಉಪಾಯವೇ ಇಲ್ಲಿಯೂ ಇರುವುದು. ಕೆಜಿಎಫ್‌ನ ಉಪಕರಣದ ತೂಕ 140 ಟನ್, ಬಹುಪಾಲು ಕಬ್ಬಿಣ. ಅದರಲ್ಲಿ ಪ್ರೋಟಾನ್ ನ್ಯೂಟ್ರಾನ್ ಸೇರಿ ಸುಮಾರು 84ರ ಮುಂದೆ 30 ಸೊನ್ನೆಗಳಷ್ಟು ಕಣಗಳಿದ್ದವು. ಆಯುಸ್ಸಿನ ಅಂದಾಜು ನಿಜವಾಗಿದ್ದರೆ ವರ್ಷಕ್ಕೆ ಎಂಟರಷ್ಟು ಸಾವು ನಡೆಯಬೇಕು, ಎಲ್ಲವೂ ಉಪಕರಣದ ಕಣ್ಣಿಗೆ ಬೀಳದಿದ್ದರೂ ಕೆಲವಾದರೂ ಬೀಳಬೇಕು. ಕೆಲವು ಘಟನೆಗಳು ಕಂಡವು ಕೂಡ. 1980ರ ದಶಕದ ಮೊದಲಲ್ಲಿ ಆ ತಂಡ ಅವನ್ನು ಪ್ರೋಟಾನ್ ಸಾವಿನ ಅಭ್ಯರ್ಥಿಗಳೆಂದು ಪ್ರಕಟಿಸಿದಾಗ ಜಗತ್ತು ಕೋಲಾರದತ್ತ ತಿರುಗಿ ನೋಡಿತು. ಆಮೇಲೆ ಅಮೆರಿಕದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಾಮಿಯೋಕ ಗಣಿಯಲ್ಲಿ ಇನ್ನೂ ದೊಡ್ಡ ಉಪಕರಣಗಳು ಕೂತು ನೋಡಿದವು, ಏನೂ ಸಿಗಲಿಲ್ಲ. ನ್ಯೂಟ್ರಿನೊ ಉಪಕರಣದೊಳಗೇ ಡಿಕ್ಕಿ ಹೊಡೆದರೆ ಅದರ ಗುರುತು ಪ್ರೋಟಾನ್ ಸತ್ತಂತೆಯೇ ತೋರಬಲ್ಲದು. 1965ರಲ್ಲಿ ಸಿಕ್ಕ ನಿಧಿಯೇ ಹದಿನೈದು ವರ್ಷದ ಮೇಲೆ ಕಣ್ಣಿಗೆ ಬೀಳುವ ಧೂಳಾಯಿತು.

ಈ ಕಥೆಯನ್ನು ಕೋಲಾರದವರ ಎಡವಟ್ಟೆಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಭ್ಯರ್ಥಿ ಎಂದವರು ಗೆದ್ದನೆಂದು ಸಾರಲಿಲ್ಲ. ಮುಖ್ಯವಾದದ್ದು, ಇಂದಿಗೂ ಯಾವ ಭೌತವಿಜ್ಞಾನಿಯೂ ಪ್ರೋಟಾನ್ ಸಾಯುವುದಿಲ್ಲ ಎಂದು ಬರೆಯುವುದಿಲ್ಲ. 50,000 ಟನ್ ನೀರಿನ ಸೂಪರ್-ಕಾಮಿಯೋಕಾಂಡೆ ದಶಕಗಳ ಕಾಲ ಕಾದು ಬರೆದದ್ದು, ಇಂಥ ಬಗೆಯ ಸಾವಿಗೆ ಪ್ರೋಟಾನಿನ ಆಯುಸ್ಸು 1ರ ಮುಂದೆ 34 ಸೊನ್ನೆ ಬರೆದಷ್ಟು ವರ್ಷಗಳಿಗಿಂತ ಹೆಚ್ಚು ಎಂದು. ಆ ಲೆಕ್ಕದಲ್ಲಿ ಕೆಜಿಎಫ್‌ನ 140 ಟನ್ನಿನಲ್ಲಿ ಇಂಥ ಒಂದು ಸಾವು ಕಾಣಬೇಕಾದರೆ ಸರಾಸರಿ ನೂರು ವರ್ಷ ದಾಟಬೇಕು. ಅಂದರೆ ಅಷ್ಟು ಅಪರೂಪದ ಸಾವಿನ ವಿಷಯದಲ್ಲಿ ಆ ಉಪಕರಣಕ್ಕೆ ಕಾಣುವ ಯೋಗ್ಯತೆಯೇ ಇರಲಿಲ್ಲ, ಅದರಿಂದ ಇಲ್ಲವೆನ್ನಲೂ ಆಗುತ್ತಿರಲಿಲ್ಲ. ಇಂದು ನಮಗೆ ಗೊತ್ತಿರುವುದು ಯಾವುದೋ ಒಂದು ಸಂಗತಿ ಇಲ್ಲವೆಂಬುದಲ್ಲ; ಇದ್ದರೆ ಎಷ್ಟರೊಳಗೆ ಅಡಗಿರಬೇಕು ಎಂಬುದು. ಇದು ಅಜ್ಞಾನವಲ್ಲ. ಇದರ ಏಟಿಗೆ ಆ 1974ರ ಸಿದ್ಧಾಂತದ ಸರಳರೂಪ ಬಿದ್ದುಹೋಯಿತು.

ಇಷ್ಟನ್ನು ಮೇಜಿನ ಮೇಲೆ ಕಲಿಸಲು ಪಾತಾಳಕ್ಕೆ ಇಳಿಯಬೇಕಿಲ್ಲ, ಸಿಲ್ವರ್ ನೈಟ್ರೇಟ್ ಮತ್ತು ಅಡುಗೆಯ ಉಪ್ಪು ಸಾಕು. ಗೊತ್ತಿರುವಷ್ಟು ಉಪ್ಪನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಕರಗಿಸಿ ಒಂದು ಪಾಲು ತೆಗೆದು ಹತ್ತು ಪಾಲಾಗುವಷ್ಟು ನೀರು ಬೆರೆಸಿ, ಅದರಿಂದ ಮತ್ತೆ ಒಂದು ಪಾಲು ತೆಗೆದು ಹತ್ತು ಮಾಡಿ, ಹೀಗೆ ಪರೀಕ್ಷಾನಳಿಗೆಗಳ ಸಾಲು ಕಟ್ಟಿ, ಪ್ರತಿಯೊಂದಕ್ಕೂ ಸಿಲ್ವರ್ ನೈಟ್ರೇಟ್ ಹಾಕಿಸಬೇಕು. ಮೊದಲಿನದರಲ್ಲಿ ಮೊಸರಿನಂಥ ಬಿಳುಪು, ಆಮೇಲೆ ಹಾಲಿನಂಥದ್ದು, ಆಮೇಲೆ ಮಬ್ಬು, ಕೊನೆಗೊಂದು ನಳಿಗೆಯಲ್ಲಿ ಏನೂ ಇಲ್ಲ. ಏನೂ ಇಲ್ಲದ ಆ ನಳಿಗೆಯಲ್ಲಿ ಉಪ್ಪಿದೆಯೆಂದು ವಿದ್ಯಾರ್ಥಿಗೆ ಗೊತ್ತು, ಅವಳೇ ಹಾಕಿದ್ದಾಳೆ. ಮುಗಿದದ್ದು ಕ್ಲೋರೈಡ್ ಅಲ್ಲ, ತನ್ನ ಕಣ್ಣಿನ ಯೋಗ್ಯತೆ ಎಂಬುದು ಅಲ್ಲಿ ಯಾರೂ ಹೇಳದೆ ಗೊತ್ತಾಗುತ್ತದೆ. ಇದೇ ಪ್ರಯೋಗವನ್ನು ಬಟ್ಟಿಯಿಳಿಸಿದ ನೀರಿನ ಬದಲು ಕೊಳವೆಬಾವಿಯ ನೀರು ಬೆರೆಸಿ ಮಾಡಿಸಿದರೆ ಇನ್ನೊಂದು ಪಾಠ ಸಿಗುತ್ತದೆ: ಎಷ್ಟು ತೆಳು ಮಾಡಿದರೂ ಮಬ್ಬು ಹೋಗುವುದೇ ಇಲ್ಲ, ಏಕೆಂದರೆ ಬೆರೆಸಿದ ನೀರಿನಲ್ಲೇ ಕ್ಲೋರೈಡ್ ಇದೆ. ವಿಜ್ಞಾನಿಗಳು ಎರಡು ಕಿಲೋಮೀಟರ್ ಬಂಡೆಯ ಕೆಳಗೆ ಹೋದದ್ದೇಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಸುಲಭದ ಉತ್ತರ ನನಗೆ ತಿಳಿಯದು. ನೆಲದ ಮೇಲಿನ ಮ್ಯುಯಾನ್ ಮಳೆ ಎಂದರೆ ಕೊಳವೆಬಾವಿಯ ನೀರು. ಚಾಂಪಿಯನ್ ರೀಫ್‌ನ ಆಳ ಬಟ್ಟಿಯಿಳಿಸಿದ ನೀರು.

ಇನ್ನು ಗಂಭೀರವಾದ ಆಕ್ಷೇಪಕ್ಕೆ ಬರೋಣ. ಇಲ್ಲವೆಂದು ಖಚಿತವಾಗಿ ಹೇಳಲಾಗದು ಎಂದು ಮಕ್ಕಳಿಗೆ ಕಲಿಸಿದರೆ ದೆವ್ವ, ಮಾಟ, ಪವಾಡ ಎಲ್ಲಕ್ಕೂ ಬಾಗಿಲು ತೆರೆದಂತಾಗದೇ? ‘ಇಲ್ಲವೆಂದು ನೀನು ಸಾಬೀತು ಮಾಡಿದ್ದೀಯಾ’ ಎಂಬುದು ಮೂಢನಂಬಿಕೆಯ ಹಳೆಯ ಗುರಾಣಿ. ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯ ಈ ಗುರಾಣಿಗೆ ಏನು ಮಾಡಬೇಕೆಂದು ತೋರಿಸಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಅವರು ನೇಮಿಸಿದ ಸಮಿತಿ ಪವಾಡಗಳು ಸುಳ್ಳೆಂದು ಮೊದಲೇ ತೀರ್ಪು ಕೊಡಲಿಲ್ಲ. ಪರೀಕ್ಷೆಗೆ ಒಡ್ಡಿಕೊಳ್ಳುವ ಸನ್ನಿವೇಶದಲ್ಲಿ ತೋರಿಸಿ ಎಂದು ಕೇಳಿತು. ಕೇಳಿದ್ದು ಯೋಗ್ಯತೆಯನ್ನೇ: ಕೈಚಳಕವಿದ್ದರೆ ಕಂಡೇ ಕಾಣಬೇಕಾದ ಬೆಳಕನ್ನು. ಗಾಳಿಯಿಂದ ವಿಭೂತಿ ಬರುತ್ತದೆ ಎನ್ನುವವನು ಕಣ್ಣಿಗೆ ಕಾಣುವ ಸಂಗತಿಯ ಬಗ್ಗೆ ಮಾತಾಡುತ್ತಿದ್ದಾನೆ, ಹಾಗಾಗಿ ಅನುಪಲಬ್ಧಿಯ ನ್ಯಾಯಾಲಯಕ್ಕೆ ಅವನು ಬರಲೇಬೇಕು. ಮಿತಿಯ ಭಾಷೆ ಅವನನ್ನು ಕಾಪಾಡುವುದಿಲ್ಲ, ಬಲೆಯ ಕಣ್ಣನ್ನು ಸಣ್ಣದು ಮಾಡುತ್ತ ಹೋಗುತ್ತದೆ. ‘ಇದೆ’ ಎನ್ನುವವನನ್ನು ‘ಇದ್ದರೆ ಎಲ್ಲಿ, ಎಷ್ಟು, ಯಾವಾಗ ಕಾಣಬೇಕು ಹೇಳು’ ಎಂದು ಕೇಳಲು ಕಲಿತ ಹುಡುಗನಿಗೆ ಮೋಸ ಮಾಡುವುದು, ಎಲ್ಲವೂ ಸುಳ್ಳೆಂದು ಬಾಯಿಪಾಠ ಮಾಡಿದ ಹುಡುಗನಿಗೆ ಮಾಡುವುದಕ್ಕಿಂತ ಕಷ್ಟ.

ಎದುರು ದಿಕ್ಕಿನಿಂದ ಶ್ರದ್ಧಾವಂತರ ಆಕ್ಷೇಪವೂ ಇದೆ. ಬಂಗಾರಪೇಟೆ ಸಮೀಪದ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗದ ಮುಂದೆ ಕೈಮುಗಿಯುವವರು ಯಾವ ಉಪಕರಣದ ಅಳತೆಗಾಗಿಯೂ ಬಂದವರಲ್ಲ, ದೇವರ ವಿಷಯಕ್ಕೆ ಲ್ಯಾಬಿನ ಮಾತೇಕೆ ಎಂದು ಅವರು ಕೇಳಬಹುದು. ಒಪ್ಪಿದೆ. ಇಂದ್ರಿಯಕ್ಕೆ ಸಿಗತಕ್ಕದ್ದಲ್ಲ ಎಂದು ಹೇಳಿದ ವಸ್ತುವಿನ ಬಗ್ಗೆ ಕಾಣದಿರುವಿಕೆಯಿಂದ ಏನನ್ನೂ ತೀರ್ಮಾನಿಸಲಾಗದು, ಉದಯನ ಅದನ್ನು ಗೆದ್ದಿದ್ದಾನೆ. ಆದರೆ ಆ ಗೆಲುವಿಗೆ ತೆರಬೇಕಾದ ಬೆಲೆಯಿದೆ. ಕಾಣತಕ್ಕವನಲ್ಲ ಎಂಬ ಕಾರಣಕ್ಕೆ ನಿರಾಕರಣೆಯಿಂದ ಪಾರಾದ ದೇವರನ್ನು, ಮಳೆ ಬಂದ ವರ್ಷ ಮಾತ್ರ ಸಾಕ್ಷಿಗೆ ಕರೆಯುವಂತಿಲ್ಲ. ಬರಗಾಲಕ್ಕೆ ಹೆಸರಾದ ಈ ಜಿಲ್ಲೆಯಲ್ಲಿ ಪೂಜೆಯಾದ ಮೇಲೆ ಮಳೆ ಬಂದದ್ದು ಪ್ರಮಾಣವೆನ್ನುವುದಾದರೆ, ಪೂಜೆಯಾದರೂ ಬಾರದ ವರ್ಷಗಳೂ ಪ್ರಮಾಣಗಳೇ. ಉದಯನ ಈ ಬೆಲೆಯನ್ನು ಬಲ್ಲವನಾದ್ದರಿಂದಲೇ ಕಾಣದಿರುವಿಕೆಯ ಹಿಂದೆ ಅಡಗಿ ಕೂರಲಿಲ್ಲ. ಐದನೆಯ ಸ್ತಬಕದಲ್ಲಿ ಜಗತ್ತೆಂಬ ಕಾರ್ಯದಿಂದ ಕರ್ತೃವನ್ನು ಅನುಮಾನ ಮಾಡುವ ಬೇರೆಯೇ ದಾರಿ ಹಿಡಿದ. ಆ ಅನುಮಾನ ನನಗೆ ಒಪ್ಪಿಗೆಯಿಲ್ಲ, ಅದು ಬೇರೆ ಚರ್ಚೆ. ಹಾಗೆಯೇ ನಾಸ್ತಿಕನೂ ಇಲ್ಲಿ ತನ್ನ ಪಾಲನ್ನು ಕಳೆದುಕೊಳ್ಳುತ್ತಾನೆ. ದೂರದರ್ಶಕದಲ್ಲಿ ದೇವರು ಸಿಗಲಿಲ್ಲ ಎಂಬ ಮಾತು ಕತ್ತಲ ಕೋಣೆಯ ಮಡಕೆಯ ವಾದವೇ. ತಮ್ಮ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದ ಶ್ರೀಕಂಠನ್ ವಿಜ್ಞಾನದ ತತ್ತ್ವಶಾಸ್ತ್ರ, ಪ್ರಜ್ಞೆಯ ಸ್ವರೂಪ ಮುಂತಾದ ಪ್ರಶ್ನೆಗಳತ್ತ ತಿರುಗಿದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ. ಗಣಿಯಾಳದ ಸೊನ್ನೆಯನ್ನು ಎದುರಿಸಿದವರಿಗೆ ಆ ದಾರಿ ಅಪರಿಚಿತವಾಗಿರಲಾರದು.

ಇದೆಲ್ಲ ತತ್ತ್ವವಾಯಿತು, ಬದುಕಿಗೆ ಉಂಟು ಅಥವಾ ಇಲ್ಲ ಎಂಬ ಉತ್ತರ ಬೇಕು ಎನ್ನುವವರಿಗೆ ಕೋಲಾರದ ನೀರನ್ನೇ ತೋರಿಸಬೇಕು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅದರಲ್ಲಿ ಭಾರಲೋಹಗಳಿವೆಯೇ ಎಂಬ ವಾದವೂ ಜೊತೆಯಲ್ಲೇ ಹರಿಯುತ್ತಿದೆ. ನೀರಿನ ಪರೀಕ್ಷಾ ವರದಿಗಳಲ್ಲಿ ಸಾಮಾನ್ಯವಾಗಿ ‘ಬಿಡಿಎಲ್’ ಎಂಬ ಮೂರಕ್ಷರ ಇರುತ್ತದೆ, ಅಂದರೆ ಪತ್ತೆಯ ಮಿತಿಗಿಂತ ಕೆಳಗೆ. ಮಿತಿ ಎಷ್ಟು ಎಂಬ ಅಂಕಿ ಪಕ್ಕದಲ್ಲಿ ಇಲ್ಲದಿದ್ದರೆ ಆ ಮೂರಕ್ಷರಕ್ಕೆ ಅರ್ಥವಿಲ್ಲ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. 0.05ಕ್ಕಿಂತ ಕೆಳಗೆ ಕಾಣಲಾರದ ವಿಧಾನದಲ್ಲಿ ಪರೀಕ್ಷೆ ಮಾಡಿ ಸೀಸ ಪತ್ತೆಯಾಗಿಲ್ಲ ಎಂದು ಬರೆದುಕೊಟ್ಟರೆ, ಮಿತಿಯ ಐದು ಪಟ್ಟು ಸೀಸವಿರುವ ನೀರಿಗೂ ಅದೇ ಪ್ರಮಾಣಪತ್ರ ಸಿಗುತ್ತದೆ. ಅತ್ತ ಅಂಥದೇ ಕಾಗದ ಹಿಡಿದು ‘ವಿಷವಿಲ್ಲವೆಂದು ಹೇಳಲಾಗಿಲ್ಲ, ಆದ್ದರಿಂದ ವಿಷವಿದೆ’ ಎಂದು ಹೆದರಿಸುವವನೂ ಅದೇ ತಪ್ಪನ್ನು ಕನ್ನಡಿಯಲ್ಲಿ ಮಾಡುತ್ತಿದ್ದಾನೆ. ಸಂಶಯವನ್ನೇ ಸರಕು ಮಾಡಿಕೊಂಡು ಮಾರುವವರು, ಸಿಗರೇಟು ಕಂಪನಿಗಳಿಂದ ಹಿಡಿದು ಇವತ್ತಿನವರವರೆಗೆ, ಅಗಲವಿಲ್ಲದ ಸಂಶಯವನ್ನೇ ಮಾರುತ್ತಾರೆ. ಎಷ್ಟು ಎಂದು ಕೇಳಿದ ಕೂಡಲೇ ಅವರ ಅಂಗಡಿ ಮುಚ್ಚುತ್ತದೆ. ರೈತನಿಗೆ ಉಂಟು ಅಥವಾ ಇಲ್ಲ ಎಂಬ ಉತ್ತರವನ್ನೇ ಕೊಡಬಹುದು, ಅಡ್ಡಿಯಿಲ್ಲ. ಕೊಡುವವನು ಮಾತ್ರ ತನ್ನ ಇಲ್ಲಕ್ಕೆ ಎಷ್ಟು ಅಗಲವಿದೆಯೆಂದು ಬಲ್ಲವನಾಗಿರಬೇಕು.

ಪ್ರಾಧ್ಯಾಪಕರ ಕಷ್ಟ ನನಗೆ ಅರ್ಥವಾಗುತ್ತದೆ. ಒಂದು ತಂಡಕ್ಕೆ ಎರಡು ಗಂಟೆ, ಒಂದು ಸ್ಕ್ರೂಗೇಜಿಗೆ ನಾಲ್ಕು ಕೈ, ಪರೀಕ್ಷೆಯಲ್ಲಿ ಅಂಕ ಸಿಗುವುದು ಪಠ್ಯದ ಉತ್ತರಕ್ಕೆ ಹತ್ತಿರ ಬಂದವರಿಗೆ. ಹೀಗಿರುವಾಗ ಗುರುತ್ವದ ಬೆಲೆ 9.8 ಬರುವವರೆಗೂ ಲೋಲಕದ ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಿ ತುಂಬುವ ವಿದ್ಯೆಯನ್ನೇ ಮಕ್ಕಳು ಮೊದಲು ಕಲಿಯುತ್ತಾರೆ. ಅದು ಅವರ ತಪ್ಪಲ್ಲ, ಅಂಕ ಕೊಡುವ ಕ್ರಮದ ತಪ್ಪು. ಆದರೆ ನಾನು ಕೇಳುತ್ತಿರುವ ಬದಲಾವಣೆಗೆ ಹೊಸ ಉಪಕರಣ ಬೇಡ, ಹೆಚ್ಚಿನ ತರಗತಿಯೂ ಬೇಡ. ಸಾಲ್ಟ್ ಅನಾಲಿಸಿಸ್ ರೆಕಾರ್ಡಿನಲ್ಲಿ ಪರೀಕ್ಷೆ, ವೀಕ್ಷಣೆ, ನಿರ್ಣಯ ಎಂದು ಮೂರು ಕಾಲಂಗಳಿವೆ. ವೀಕ್ಷಣೆಗೂ ನಿರ್ಣಯಕ್ಕೂ ನಡುವೆ ಇನ್ನೊಂದು ಗೆರೆ ಎಳೆದು, ಇದ್ದಿದ್ದರೆ ಎಷ್ಟರಿಂದ ಮೇಲೆ ಕಾಣುತ್ತಿತ್ತು ಎಂದು ಬರೆಸಬೇಕು. ನಳಿಗೆಗಳ ಸಾಲಿನಿಂದ ಅವರೇ ಕಂಡುಕೊಂಡ ಅಂಕಿಯನ್ನು ಅಲ್ಲಿ ತುಂಬಿಸಬೇಕು. ಒಬ್ಬಳಿಗೆ ಒಂದು ಅಂಕಿ ಬಂದೀತು, ಪಕ್ಕದ ಮೇಜಿನವನ ಕಣ್ಣು ಚುರುಕಾಗಿದ್ದು ಬೇರೆ ಅಂಕಿ ಬಂದೀತು. ಎರಡಕ್ಕೂ ಪೂರ್ತಿ ಅಂಕ ಕೊಡಬೇಕು, ಖಾಲಿ ಬಿಟ್ಟವನಿಗೆ ಮಾತ್ರ ಒಂದು ಅಂಕ ಕಳೆಯಬೇಕು.